ಮುಕ್ಕಾಲು ಏಳುತ್ತೇನೆ, ಮತ್ತೆ ಮಗುಚಿಕೊಳ್ಳುತ್ತೇನೆ: ಕಯಾಕ್ ರೋಲ್ ಬಗ್ಗೆ ಸಹಾಯ ಬೇಕು

ತಲೆಕೆಳಗು:

ಎಲ್ಲರಿಗೂ ನಮಸ್ಕಾರ. ಸಮುದ್ರದ ಕಯಾಕ್‌ನಲ್ಲಿ ರೋಲ್, ಅಂದರೆ ಮಗುಚಿದ ದೋಣಿಯನ್ನು ಒಳಗೆ ಕೂತೇ ನೆಟ್ಟಗೆ ಮಾಡಿ ಏಳುವುದನ್ನು, ಕಲಿಯುತ್ತಿದ್ದೇನೆ. ಈಜುಕೊಳದಲ್ಲೇ ಅಭ್ಯಾಸ. ಕಲಿಸುವವರು ಪಕ್ಕದಲ್ಲಿ ನಿಂತು ಪ್ಯಾಡಲಿನ (ಹುಟ್ಟಿನ) ತುದಿಯ ಚಪ್ಪಟೆ ಬ್ಲೇಡ್ ಕೆಳಗೆ ಒಂದು ಬೆರಳು ಕೊಟ್ಟರೂ ಸಾಕು, ಸಲೀಸಾಗಿ ಎದ್ದು ಕೂರುತ್ತೇನೆ. ಬೆರಳು ತೆಗೆದರೆ ಕಥೆ ಬೇರೆ. ಮುಖ ನೀರಿನಿಂದ ಹೊರಗೆ ಬರುತ್ತದೆ, ಚಾವಣಿಯ ದೀಪ ಕಾಣುತ್ತದೆ, ಅರ್ಧ ಉಸಿರು ಎಳೆದುಕೊಳ್ಳುತ್ತೇನೆ, ಅಷ್ಟರಲ್ಲಿ ದೋಣಿ ನನ್ನನ್ನು ಎಳೆದುಕೊಂಡು ವಾಪಸ್ ಕೆಳಗೆ ಹೋಗುತ್ತದೆ. ಆಗ ಬಲಗಡೆ ಬ್ಲೇಡ್ ಕೊಳದ ತಳದ ಕಡೆ ಮುಖ ಮಾಡಿಕೊಂಡಿರುತ್ತದೆ.

ನನಗೆ ಹೇಳಿಕೊಟ್ಟಿರುವುದು ಸಿ-ಟು-ಸಿ ರೋಲ್. ಪ್ಯಾಡಲನ್ನು ದೋಣಿಯ ಎಡಪಕ್ಕಕ್ಕೆ ಇಟ್ಟುಕೊಂಡು ಮುಂದೆ ಬಾಗುವುದು, ಮಗುಚಿದ ಮೇಲೆ ಬ್ಲೇಡನ್ನು ದೋಣಿಗೆ ಅಡ್ಡಲಾಗಿ ಹೊರಗೆ ತರುವುದು, ಆಮೇಲೆ ಸೊಂಟದಿಂದ ಝಾಡಿಸಿ ಏಳುವುದು. ಬಲಗಡೆ ಮಾತ್ರ ಪ್ರಯತ್ನ ಮಾಡುತ್ತಿದ್ದೇನೆ.

ಕೇಳಬೇಕಾದ್ದು ಎರಡು. ನನ್ನ ತೋಳಿನಲ್ಲಿ ಬಲ ಸಾಲುತ್ತಿಲ್ಲವಾ, ಜಿಮ್ಮಿಗೆ ಹೋಗಬೇಕಾ? ಮತ್ತೆ, ಇದನ್ನು ಬಿಟ್ಟು ಸ್ವೀಪ್ ರೋಲ್ ಕಲಿತರೆ ಸುಲಭ ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ. ಅರ್ಧದಲ್ಲಿ ಬದಲಾಯಿಸಿದರೆ ಇದ್ದದ್ದೂ ಹೋಗುತ್ತದೆ ಅಂತ ಭಯ.

ಹಳೇಹುಟ್ಟು:

ಮೊದಲು ಜಿಮ್ಮಿನ ವಿಷಯ ಮುಗಿಸಿಬಿಡೋಣ. ಹೋಗುವುದಾದರೆ ಧಾರಾಳವಾಗಿ ಹೋಗಿ, ಆದರೆ ರೋಲ್‌ಗೋಸ್ಕರ ಬೇಡ. ನಾನು ಕಲಿಸಿದವರಲ್ಲಿ ತೋಳು ಗಟ್ಟಿ ಇರುವವರೇ ಜಾಸ್ತಿ ಒದ್ದಾಡಿದ್ದು. ಅವರಿಗೆ ಎಳೆದು ಎದ್ದುಬಿಡಬಹುದು ಅನ್ನುವ ನಂಬಿಕೆ. ಹತ್ತರಲ್ಲಿ ಒಂದು ಸಲ ಏಳುತ್ತಾರೆ ಬೇರೆ, ಅದೇ ಕಷ್ಟ. ಆಮೇಲೆ ಯಾರ ಮಾತೂ ಕೇಳುವುದಿಲ್ಲ. ಒಂದು ಬೆರಳಿನ ಆಸರೆಯಲ್ಲಿ ನೀವು ಏಳುತ್ತೀರಿ ಅಂದರೆ ಬಲ ಬೇಕಾದಷ್ಟಿದೆ. ಬೆರಳು ನಿಮ್ಮನ್ನು ಎತ್ತುತ್ತಿಲ್ಲ. ಬ್ಲೇಡ್ ಮುಳುಗದ ಹಾಗೆ ನೋಡಿಕೊಳ್ಳುತ್ತಿದೆ, ಅಷ್ಟೇ.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಚಾವಣಿಯ ದೀಪ. ಸಿ-ಟು-ಸಿ ಮಾಡುವವರಿಗೆ ದೀಪ ಕಾಣಬಾರದು, ಬಲಗಡೆ ಬ್ಲೇಡ್ ಕಾಣಬೇಕು. ದೀಪ ಕಂಡಿತು ಅಂದರೆ ದೋಣಿಗಿಂತ ಮೊದಲೇ ತಲೆ ಎದ್ದಿದೆ. ಉಸಿರು ಬೇಕು ಅಂತ ತಲೆ ತಾನಾಗೇ ಏಳುತ್ತದೆ, ಅದು ಸಹಜ. ಆದರೆ ನಿಮ್ಮ ರೋಲ್ ಕೆಡುತ್ತಿರುವುದು ಅಲ್ಲೇ.

ಯಾಕೆ ಅಂತ ಈಗಲೇ ಕುರ್ಚಿಯಲ್ಲಿ ಕೂತಲ್ಲೇ ನೋಡಿಕೊಳ್ಳಬಹುದು. ಬಲಕಿವಿಯನ್ನು ಬಲಭುಜಕ್ಕೆ ತಾಗಿಸುವ ಹಾಗೆ ತಲೆ ಬಾಗಿಸಿ, ಬಲಗಡೆ ಸೊಂಟವನ್ನು ಕುರ್ಚಿಯಿಂದ ಮೇಲೆತ್ತಿ. ಸಲೀಸಾಗಿ ಬರುತ್ತದೆ ಅಲ್ವಾ? ಈಗ ತಲೆಯನ್ನು ಎಡಭುಜಕ್ಕೆ ಬಾಗಿಸಿಕೊಂಡು ಅದೇ ಬಲ ಸೊಂಟವನ್ನು ಎತ್ತಿ ನೋಡಿ. ಬಲಪಕ್ಕೆ ಬಿಗಿದುಕೊಂಡು, ಬೇಡ ಅನ್ನುತ್ತದೆ. ನೀರಿನಲ್ಲೂ ಇದೇ. ಬಲಗಡೆ ಏಳುವಾಗ ದೋಣಿಯನ್ನು ನೆಟ್ಟಗೆ ಮಾಡುವುದು ನಿಮ್ಮ ಬಲ ಮೊಣಕಾಲು. ಡೆಕ್ಕಿನ (ದೋಣಿಯ ಮೇಲ್ಮುಚ್ಚಳದ) ಒಳಗಡೆ ತೊಡೆಗೆ ಆತುಕೊಂಡ ಬ್ರೇಸ್ ಇದೆಯಲ್ಲ, ಬಲ ಮೊಣಕಾಲು ಅದನ್ನು ಮೇಲಕ್ಕೆ ಎಳೆಯಬೇಕು. ನೀವು ತಲೆ ಎತ್ತಿದ ತಕ್ಷಣ ಎಡ ಮೊಣಕಾಲು ಕೆಲಸ ಶುರುಮಾಡುತ್ತದೆ. ಅದು ದೋಣಿಯನ್ನು ವಾಪಸ್ ಮಗುಚುವ ಮೊಣಕಾಲು. ನೀವು ಮೇಲೆ ಏಳುತ್ತಿದ್ದೀರಿ ಅಂದುಕೊಂಡಿದ್ದೀರಿ, ಕಾಲು ಕೆಳಗೆ ಎಳೆಯುತ್ತಿದೆ.

ಇದರ ಜೊತೆಗೆ ತೂಕ. ಮನುಷ್ಯನ ತಲೆ ಸುಮಾರು 4ರಿಂದ 5 ಕೆಜಿ. ನೀರಿನೊಳಗೆ ಇದ್ದಷ್ಟು ಹೊತ್ತು ಅದರ ಭಾರ ನೀರೇ ಹೊತ್ತುಕೊಂಡಿರುತ್ತದೆ. ಹೊರಗೆ ತೆಗೆದಿರೋ, ಅಷ್ಟೂ ಭಾರ ಇನ್ನೂ ಓರೆಯಾಗಿರುವ ದೋಣಿಯ ಮೇಲೆ. ಅದನ್ನು ಹೊರಲು ಕೈ ಪ್ಯಾಡಲನ್ನು ಕೆಳಕ್ಕೆ ಒತ್ತುತ್ತದೆ. ಬ್ಲೇಡ್ ತಳದ ಕಡೆ ತಿರುಗಿಕೊಳ್ಳುವುದು ಹೀಗೆ. ನಿಮ್ಮ ಬ್ಲೇಡ್ ಮುಳುಗುತ್ತಿದೆ ಅನ್ನುವುದು ಬೇರೆ ರೋಗ ಅಲ್ಲ, ಇದರದ್ದೇ ಲಕ್ಷಣ.

ಹಾಗಾಗಿ ಸ್ವಲ್ಪ ದಿನ ಪ್ಯಾಡಲನ್ನು ದಡದಲ್ಲೇ ಬಿಡಿ. ಕೊಳದ ಅಂಚು ಹಿಡಿದುಕೊಳ್ಳಿ, ಬಲಕೆನ್ನೆಯನ್ನು ಕೈಗಳ ಮೇಲೆ ಇಡಿ, ದೋಣಿಯನ್ನು ನಿಮ್ಮ ಮೇಲೆ ಪೂರ್ತಿ ಬೋರಲು ಹಾಕಿಕೊಳ್ಳಿ. ಆಮೇಲೆ ಕೆನ್ನೆ ಎತ್ತದೆ ಬರೀ ಮೊಣಕಾಲಿನಿಂದ ದೋಣಿಯನ್ನು ನೆಟ್ಟಗೆ ಮಾಡಿ. ಕೆನ್ನೆ ಅಲ್ಲೇ ಇರಬೇಕು, ದೋಣಿ ಮಾತ್ರ ತಿರುಗಬೇಕು. ಇದು ಬಂತು ಅಂದಮೇಲೆ ಅಂಚು ಬಿಟ್ಟು, ಈಜು ಕಲಿಯುವ ಮಕ್ಕಳು ಹಿಡಿಯುವ ಫೋಮ್ ಹಲಗೆ ಹಿಡಿಯಿರಿ. ಈ ಹಲಗೆ ಬಹಳ ಪ್ರಾಮಾಣಿಕ. ಕೈ ಒತ್ತಿದ ತಕ್ಷಣ ಮುಳುಗಿ ನಿಮ್ಮ ಬಂಡವಾಳ ಬಯಲು ಮಾಡುತ್ತದೆ. ಹಲಗೆ ನೀರಿನ ಮೇಲೇ ತೇಲಿಕೊಂಡಿದ್ದು ದೋಣಿ ನೆಟ್ಟಗಾಯಿತು ಅಂದರೆ ನಿಮಗೆ ರೋಲ್ ಬಂತು ಅಂತಲೇ ಲೆಕ್ಕ. ಪ್ಯಾಡಲ್ ಹಿಡಿಯುವುದು ಆಮೇಲಿನ ಮಾತು.

ಇನ್ನು ಸಿ-ಟು-ಸಿಯೋ ಸ್ವೀಪೋ ಅನ್ನುವ ಪ್ರಶ್ನೆ. ಸಿ-ಟು-ಸಿಯಲ್ಲಿ ಕೆಲಸ ಎರಡು ತುಂಡು. ಮೊದಲು ಬ್ಲೇಡನ್ನು ದೋಣಿಗೆ 90 ಡಿಗ್ರಿ ಅಡ್ಡಕ್ಕೆ ತಂದು ನಿಲ್ಲಿಸುತ್ತೀರಿ, ಆಮೇಲೆ ಒಂದೇ ಏಟಿಗೆ ಸೊಂಟ ತಿರುಗಿಸುತ್ತೀರಿ. ಬ್ಲೇಡ್ ನಿಂತಲ್ಲೇ ನಿಂತಿರುವುದರಿಂದ ಅದರ ಆಸರೆ ಒಂದು ಕ್ಷಣದ್ದು. ಸೊಂಟ ತಡಮಾಡಿದರೆ ಬ್ಲೇಡ್ ಮುಳುಗುತ್ತದೆ. ಸ್ವೀಪ್‌ನಲ್ಲಿ ಬ್ಲೇಡ್ ಮುಂದಿನಿಂದ ಹಿಂದಕ್ಕೆ ನೀರಿನ ಮೇಲ್ಮೈಯಲ್ಲಿ ಕಮಾನಾಗಿ ಓಡುತ್ತಲೇ ಇರುತ್ತದೆ. ಅದು ಓಡುವ ದಿಕ್ಕಿನ ಕಡೆಯ ಅಂಚು ತುಸು ಮೇಲೆ ಎದ್ದಿರುವುದರಿಂದ ಓಡುವಷ್ಟು ಹೊತ್ತೂ ತಾನೇ ಮೇಲಕ್ಕೆ ಹತ್ತಲು ನೋಡುತ್ತದೆ. ಮೊಣಕಾಲು ನಿಧಾನಕ್ಕೆ ತಿರುಗಿಸಲು ಸಮಯ ಸಿಗುತ್ತದೆ. ನನ್ನನ್ನು ಕೇಳಿದರೆ ನಿಮಗೆ ಸ್ವೀಪೇ ಸರಿ. ಇದ್ದದ್ದು ಹೋಗುತ್ತದೆ ಅನ್ನುವ ಭಯ ಬೇಡ. ಎರಡರಲ್ಲೂ ಮೊಣಕಾಲಿನ ಕೆಲಸ ಒಂದೇ, ಬದಲಾಗುವುದು ಬ್ಲೇಡ್ ಓಡುವ ದಾರಿ.

ಆ ಅಂಚಿನ ಓರೆಯನ್ನು ಮಾತ್ರ ಕೈಗೆ ಅಭ್ಯಾಸ ಮಾಡಿಸಬೇಕು. ದೋಣಿ ನೆಟ್ಟಗಿರುವಾಗಲೇ ಬಲಗಡೆ ಬ್ಲೇಡನ್ನು ನೀರಿನ ಮೇಲೆ ಮಲಗಿಸಿ, ಮುಂದಿನಿಂದ ಹಿಂದಕ್ಕೆ ಸವರಿ. ಓಡುವ ದಿಕ್ಕಿನ ಅಂಚು ತುಸು ಮೇಲೇಳುವ ಹಾಗೆ ಬಲ ಮಣಿಕಟ್ಟು ತಿರುಗಿಸಿದರೆ ಬ್ಲೇಡ್ ಮೇಲೆ ಹತ್ತುತ್ತದೆ, ಆ ಅಂಚು ತಗ್ಗಿದರೆ ಮೂಗು ತಗ್ಗಿಸಿ ಒಳಗೆ ಹೋಗುತ್ತದೆ. ಜಾಸ್ತಿ ಎತ್ತಿದಿರೋ, ನೀರನ್ನು ತಳ್ಳಿಕೊಂಡು ಅಲ್ಲೇ ನಿಲ್ಲುತ್ತದೆ. ಕಣ್ಣು ಮುಚ್ಚಿಕೊಂಡು ಇದನ್ನು ಮಾಡಿ. ತಲೆಕೆಳಗಾದಾಗ ಕಣ್ಣಿನ ಉಪಯೋಗ ಅಷ್ಟಕ್ಕಷ್ಟೇ.

ಭುಜದ ಬಗ್ಗೆ ಒಂದು ಮಾತು, ಇದು ತಮಾಷೆ ಅಲ್ಲ. ಬಲ ಮೊಣಕೈ ಭುಜಕ್ಕಿಂತ ಮೇಲೂ ಹೋಗಬಾರದು, ಬೆನ್ನಿನ ಹಿಂದಕ್ಕೂ ಹೋಗಬಾರದು. ಆ ಭಂಗಿಯಲ್ಲಿ ಬ್ಲೇಡಿಗೆ ಜೋರಾಗಿ ನೀರು ಹೊಡೆದರೆ ಭುಜದ ಕೀಲು ತಪ್ಪುತ್ತದೆ. ಬ್ಲೇಡನ್ನೇ ನೋಡುತ್ತಾ ಬಂದರೆ ಎದೆ ಅದರ ಜೊತೆ ತಿರುಗುತ್ತದೆ, ಮೊಣಕೈ ತಾನಾಗಿ ಮುಂದೆಯೇ ಇರುತ್ತದೆ. ಬ್ಲೇಡ್ ನೋಡಿ ಅಂತ ನಾವು ಬಡ್ಕೊಳ್ಳುವುದು ತಲೆ ತಗ್ಗಿಸಲು ಮಾತ್ರ ಅಲ್ಲ, ಇದಕ್ಕೂ ಹೌದು.

ಕೊನೇದು. ದೋಣಿ ನಿಮ್ಮ ಮೈಗೆ ಸರಿಯಾಗಿ ಕೂತಿದೆಯಾ? ಕೊಳದವರ ದೋಣಿ ಅಂದರೆ ದೊಡ್ಡ ಸೊಂಟದವರಿಗೂ ಆಗಬೇಕು, ಸಣ್ಣವರಿಗೂ ಆಗಬೇಕು. ನೀವು ಒಳಗೆ ಜಾರುತ್ತಿದ್ದರೆ ಮೊಣಕಾಲು ಎತ್ತಿದ್ದು ದೋಣಿಗೆ ಗೊತ್ತೇ ಆಗುವುದಿಲ್ಲ. ಸೊಂಟದ ಎರಡೂ ಕಡೆ ಫೋಮ್ ತುಂಡು ಸಿಕ್ಕಿಸಿ, ಪಾದ ಆನಿಸುವ ಪೆಗ್ಗನ್ನು ಒಂದು ಹಲ್ಲು ಹತ್ತಿರಕ್ಕೆ ತನ್ನಿ. ಸ್ಪ್ರೇ ಸ್ಕರ್ಟ್ (ದೋಣಿಯೊಳಗೆ ನೀರು ಬರದ ಹಾಗೆ ಸೊಂಟದ ಸುತ್ತ ಹಾಕುವ ಹೊದಿಕೆ) ಬಿಚ್ಚಿದಾಗ ಸರಾಗವಾಗಿ ಹೊರಗೆ ಬೀಳುವಷ್ಟು ಸಡಿಲ ಮಾತ್ರ ಇರಲೇಬೇಕು.

ಕಿರುಹುಟ್ಟು:

ಹಳೇಹುಟ್ಟು ಅಕ್ಕ ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ, ಒಂದು ಬಿಟ್ಟು. ಚಾವಣಿ ನೋಡಬಾರದು ಅನ್ನುವುದು ಎಲ್ಲ ರೋಲಿಗೂ ಅನ್ವಯಿಸುವುದಿಲ್ಲ. ನಾನು ಗ್ರೀನ್‌ಲ್ಯಾಂಡ್ ರೀತಿಯ ಕಿರಿದಾದ ಮರದ ಪ್ಯಾಡಲ್ ಬಳಸುತ್ತೇನೆ. ಅವರ ಸಾಮಾನ್ಯ ರೋಲಿನಲ್ಲಿ ಬೆನ್ನನ್ನು ಹಿಂದಿನ ಡೆಕ್ಕಿನ ಮೇಲೆ ಜಾರಿಸಿಕೊಂಡು ಅಂಗಾತ ಏಳುವುದು. ಆಕಾಶ ನೋಡಿಕೊಂಡೇ ಏಳುತ್ತೇವೆ. ಆದರೂ ತಲೆ ಕೊನೆಗೇ ಬರುತ್ತದೆ, ಅದರಲ್ಲಿ ವಿನಾಯಿತಿ ಇಲ್ಲ. ಮೈ ದೋಣಿಗೆ ಹತ್ತಿಕೊಂಡು ತಗ್ಗಿನಲ್ಲೇ ಇರುವುದರಿಂದ ಎತ್ತಬೇಕಾದ ಭಾರ ಕಡಿಮೆ.

ರೋಲ್ ಹುಟ್ಟಿದ್ದೇ ಆ ಕಡೆಯ ಇನ್ಯೂಯಿಟ್ ಬೇಟೆಗಾರರಲ್ಲಿ. ಮಂಜುಗಡ್ಡೆ ತೇಲುವ ನೀರಿನಲ್ಲಿ ದೋಣಿ ಬಿಟ್ಟು ಹೊರಗೆ ಬಂದರೆ ಉಳಿಯುವುದು ಕಷ್ಟ. ಹಾಗಾಗಿ ಮಗುಚಿದರೆ ದೋಣಿಯಲ್ಲೇ ಏಳಬೇಕಿತ್ತು. ಪ್ಯಾಡಲ್ ಕಳೆದುಹೋದರೆ ಒಂದು ರೋಲ್, ಹಾರ್ಪೂನಿನ (ಬೇಟೆಯ ಈಟಿಯ) ಹಗ್ಗಕ್ಕೆ ಕೈ ಸಿಕ್ಕಿಕೊಂಡರೆ ಇನ್ನೊಂದು. ನೋರ್ಸಾಕ್ ಅನ್ನುವ ಸಣ್ಣ ಮರದ ತುಂಡು ಹಿಡಿದೇ ಏಳುವುದೂ ಇದೆ. ಈಗಲೂ ಅಲ್ಲಿನ ಸ್ಪರ್ಧೆಗಳಲ್ಲಿ 30ಕ್ಕೂ ಹೆಚ್ಚು ಬಗೆ ಮಾಡಿ ತೋರಿಸುತ್ತಾರೆ. ಯುರೋಪಿನವರಿಗೆ ಇದು ಬಂದದ್ದು ತಡವಾಗಿ. ಆಸ್ಟ್ರಿಯಾದ ಎಡಿ ಪಾವ್ಲಾಟಾ ಹಳೆಯ ವಿವರಣೆಗಳನ್ನು ಓದಿಕೊಂಡು 1927ರಲ್ಲಿ ತಾನಾಗೇ ಕಲಿತರು. ಪ್ಯಾಡಲಿನ ಒಂದು ತುದಿಯ ಬ್ಲೇಡನ್ನೇ ಕೈಯಲ್ಲಿ ಹಿಡಿದು, ಉಳಿದದ್ದನ್ನೆಲ್ಲ ಹೊರಗೆ ಚಾಚಿ ಏಳುವ ರೋಲಿಗೆ ಅವರದೇ ಹೆಸರು.

ತಲೆಕೆಳಗು ಅವರೇ, ಆ ಪಾವ್ಲಾಟಾ ರೋಲ್ ಒಂದು ಸಲ ಮಾಡಿ ನೋಡಿ. ಸನ್ನೆಗೋಲು ಉದ್ದವಾಗುವುದರಿಂದ ತಪ್ಪು ಮಾಡಿದರೂ ಏಳಿಸುತ್ತದೆ.

ಹಳೇಹುಟ್ಟು:

ಅಂಗಾತ ಏಳುವ ವಿಷಯದಲ್ಲಿ ನೀವು ಹೇಳಿದ್ದು ನಿಜ. ಹಿಂದಿನ ಡೆಕ್ ತಗ್ಗಾಗಿರುವ ದೋಣಿಯಾದರೆ ಅದಕ್ಕಿಂತ ಸುಖ ಇನ್ನೊಂದಿಲ್ಲ. ಇವರ ಕೊಳದ ದೋಣಿಗೆ ಎತ್ತರದ ಬೆನ್ನೊರಗು ಇದ್ದರೆ ಅದು ಬೆನ್ನಿಗೆ ಒತ್ತಿ ಅರ್ಧದಲ್ಲೇ ತಡೆಯುತ್ತದೆ. ನದಿಯವರಿಗಂತೂ ಬೇಡವೇ ಬೇಡ. ಅಂಗಾತ ಆದರೆ ಮುಖ ಬಂಡೆಗೆ ಒಡ್ಡಿದ ಹಾಗೆ.

ಆದರೆ ಪಾವ್ಲಾಟಾ ಬಗ್ಗೆ ನನ್ನ ತಕರಾರು ಇದೆ. "ತಪ್ಪು ಮಾಡಿದರೂ ಏಳಿಸುತ್ತದೆ" ಅಂದಿರಲ್ಲ, ಅದೇ ತಕರಾರು. ಸುಸ್ತಾದಾಗ, ಬೇರೆ ರೋಲ್ ಕೈಕೊಟ್ಟಾಗ ಇಟ್ಟುಕೊಳ್ಳಲು ಒಳ್ಳೇದು. ಮೊಣಕಾಲು ಇನ್ನೂ ಕಲಿಯುತ್ತಿರುವವರ ಕೈಗೆ ಕೊಟ್ಟರೆ ಮೊಣಕಾಲು ಕಲಿಯುವುದೇ ಇಲ್ಲ.

ಅಲೆಗಾರ:

ಕೊಳದಲ್ಲಿ ಬಂದದ್ದು ಅಲೆಯಲ್ಲಿ ಬರುತ್ತದೆ ಅಂತ ಅಂದುಕೊಳ್ಳಬೇಡಿ. ನನಗೆ ಗೊತ್ತಿರುವ ಎರಡು ಮೂರು ವಿಷಯ ಹೇಳುತ್ತೇನೆ.

ದಡದ ಹತ್ತಿರ ಒಡೆಯುವ ಅಲೆ ದೋಣಿಯನ್ನು ಅಡ್ಡಲಾಗಿ ತಳ್ಳಿಕೊಂಡು ಹೋಗುವಾಗ ಮಗುಚಿದರೆ, ಅಲೆ ಬರುವ ಕಡೆಯಿಂದ, ಅಂದರೆ ಸಮುದ್ರದ ಕಡೆಯಿಂದ ಏಳಬೇಕು. ಆ ಕಡೆ ಬ್ಲೇಡ್ ಇಟ್ಟರೆ ಅಲೆಯೇ ಆಸರೆ ಕೊಡುತ್ತದೆ. ದಡದ ಕಡೆಯಿಂದ ಏಳಲು ಹೋದರೆ ನೀರಿನ ಜೊತೆ ಕುಸ್ತಿ. ಎರಡೂ ಕಡೆ ರೋಲ್ ಬರಬೇಕು ಅನ್ನುವುದು ಇದಕ್ಕೇ. ಅಲೆ ಬಲಗಡೆಯಿಂದಲೇ ಬರಲಿ ಅಂತ ಹೇಳುವುದಕ್ಕೆ ಆಗುವುದಿಲ್ಲವಲ್ಲ.

ಮಗುಚಿದ ತಕ್ಷಣ ಏಳಲು ಹೋಗಬೇಡಿ. ಅಲೆ ಒಡೆದ ಬಿಳಿ ನೊರೆಯಲ್ಲಿ ಅರ್ಧ ಗಾಳಿಯೇ, ಬ್ಲೇಡಿಗೆ ಏನೂ ಸಿಗುವುದಿಲ್ಲ. ಡೆಕ್ಕಿಗೆ ಮುಖ ಒತ್ತಿಕೊಂಡು ಮುಂದೆ ಬಾಗಿ ಕಾಯಿರಿ. ಅಲೆ ದಾಟಿ ಹೋದದ್ದು ಮೈಗೆ ಗೊತ್ತಾಗುತ್ತದೆ. ಹಾಗೆ ಬಾಗಿದರೆ ಮುಖ ಎದೆಗೂ ರಕ್ಷಣೆ, ರೋಲ್ ಶುರುಮಾಡುವ ಭಂಗಿಯೂ ಅದೇ.

ಒಂದು ಸಲಕ್ಕೆ ಬರಲಿಲ್ಲ ಅಂದರೆ ಅರ್ಧದಿಂದ ಮುಂದುವರಿಸಬೇಡಿ. ಪೂರ್ತಿ ವಾಪಸ್ ಹೋಗಿ, ಪ್ಯಾಡಲ್ ದೋಣಿಯ ಪಕ್ಕಕ್ಕೆ ತಂದು ಮತ್ತೆ ಶುರುಮಾಡಿ. ಮತ್ತೂ ಆಗದಿದ್ದರೆ ಹೊರಗೆ ಬನ್ನಿ. ಉಸಿರು ಪೂರ್ತಿ ಖಾಲಿ ಆಗುವವರೆಗೂ ಒಳಗೆ ಕೂತು ಹಠ ಮಾಡುವುದು ಬೇಡ. ಮುಂದೆ ಬಾಗಿ ಕಾಕ್‌ಪಿಟ್ಟಿನ (ನೀವು ಕೂರುವ ಕಿಂಡಿಯ) ಅಂಚನ್ನು ಸವರಿಕೊಂಡು ಸ್ಕರ್ಟಿನ ಮುಂದಿನ ಕುಣಿಕೆ ಹುಡುಕಿ, ಅದನ್ನು ಮುಂದಕ್ಕೆ ತಳ್ಳಿ ಬಿಡಿಸಿ, ಸೊಂಟದ ಪಕ್ಕ ಕೈಯೂರಿ ಹೊರಗೆ ಬನ್ನಿ. ನೀರಿಗೆ ಇಳಿಯುವ ಮೊದಲು ಆ ಕುಣಿಕೆ ಸ್ಕರ್ಟಿನ ಹೊರಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿಕೊಳ್ಳಿ. ಒಳಗೆ ಸಿಕ್ಕಿಕೊಂಡಿದ್ದರೆ ದೊಡ್ಡ ಪೇಚಾಟ.

ಜೊತೆಯವರು ಹತ್ತಿರ ಇದ್ದರೆ ಹೊರಗೆ ಬರಲೂ ಬೇಕಿಲ್ಲ. ಎರಡೂ ಕೈಯನ್ನು ದೋಣಿಯ ಪಕ್ಕದಿಂದ ಮೇಲೆ ತಂದು ತಳಕ್ಕೆ ಪಟಪಟ ಬಡಿಯಿರಿ, ಆಮೇಲೆ ಕೈಗಳನ್ನು ಹಿಂದೆ ಮುಂದೆ ಆಡಿಸುತ್ತಿರಿ. ಅವರು ತಮ್ಮ ದೋಣಿಯ ಮೂತಿಯನ್ನು ನಿಮ್ಮ ಕೈಗೆ ತಂದುಕೊಡುತ್ತಾರೆ. ಅದನ್ನು ಹಿಡಿದು, ಕೊಳದ ಅಂಚು ಹಿಡಿದು ಎದ್ದ ಹಾಗೇ ಏಳುವುದು.

ದಡವಾಸಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಮೇಲೆ ಕೂರುವ ಕಯಾಕ್, ಒಳಗೆ ಕಾಲು ಹಾಕುವಂಥದ್ದಲ್ಲ. ಅದರಲ್ಲಿ ರೋಲ್ ಆಗುತ್ತದಾ?

ಹಳೇಹುಟ್ಟು:

ತೊಡೆಗೆ ಪಟ್ಟಿ ಹಾಕಿಕೊಳ್ಳದಿದ್ದರೆ ಆಗುವುದಿಲ್ಲ. ಮೊಣಕಾಲಿಗೆ ಹಿಡಿತವೇ ಇಲ್ಲವಲ್ಲ, ಮಗುಚಿದ ತಕ್ಷಣ ನೀವು ಬೇರೆ, ದೋಣಿ ಬೇರೆ. ಪಟ್ಟಿ ಹಾಕಿ ರೋಲ್ ಮಾಡುವವರು ಇದ್ದಾರೆ. ಆದರೆ ಅಂಥ ದೋಣಿ ಅಗಲ ಜಾಸ್ತಿ, ಬೋರಲಾದರೆ ಹಾಗೇ ಕೂತುಬಿಡುತ್ತದೆ. ನಿಮಗೆ ಬೇಕಾದ್ದು ನೀರಿನಿಂದ ಮತ್ತೆ ಹತ್ತುವುದು. ದೋಣಿಯನ್ನು ನೆಟ್ಟಗೆ ಮಾಡಿ, ಅಡ್ಡಲಾಗಿ ಹೊಟ್ಟೆಯ ಮೇಲೆ ಎಳೆದುಕೊಂಡು, ಮೈ ತಿರುಗಿಸಿ ಕೂತು, ಆಮೇಲೆ ಕಾಲು ಎಳೆದುಕೊಳ್ಳಿ. ಅದನ್ನು ದಡದ ಹತ್ತಿರ, ಆದರೆ ಕಾಲು ನೆಲಕ್ಕೆ ತಾಗದಷ್ಟು ಆಳದಲ್ಲಿ ಕಲಿಯಿರಿ. ನೆಲ ತಾಗಿದರೆ ಎಲ್ಲರೂ ಹತ್ತುತ್ತಾರೆ.

ತಲೆಕೆಳಗು:

ಎಲ್ಲರಿಗೂ ಧನ್ಯವಾದ. ಫೋಮ್ ಹಲಗೆ ಹಿಡಿದು ಮಾಡಿದೆ ಅಕ್ಕಾ. ಮೊದಲು ಪ್ರತಿ ಸಲವೂ ಮುಳುಗುತ್ತಿತ್ತು, ಬಂಡವಾಳ ನಿಜಕ್ಕೂ ಬಯಲಾಯಿತು. ಕೊಳದವರ ಹತ್ತಿರ ಫೋಮ್ ಕೇಳಿ ಸೊಂಟದ ಪಕ್ಕ ಸಿಕ್ಕಿಸಿಕೊಂಡ ಮೇಲೆ ದೋಣಿ ನನ್ನ ಮಾತು ಕೇಳಲು ಶುರುಮಾಡಿತು. ಈಗ ಹಲಗೆ ತೇಲುತ್ತದೆ.

ಪ್ಯಾಡಲಿನಲ್ಲಿ ಸ್ವೀಪ್ ಮಾಡಿದರೆ ಕೆಲವು ಸಲ ಯಾರೋ ಎತ್ತಿ ಕೂರಿಸಿದ ಹಾಗೆ ಏಳುತ್ತೇನೆ, ಇಷ್ಟು ಸುಲಭವಾ ಅನ್ನಿಸುತ್ತದೆ. ಕೆಲವು ಸಲ ಬ್ಲೇಡ್ ಅರ್ಧ ದಾರಿ ಮೇಲೇ ಓಡಿ ಇದ್ದಕ್ಕಿದ್ದ ಹಾಗೆ ಒಳಗೆ ಹೋಗುತ್ತದೆ. ತಲೆ ತಗ್ಗಿಸಿಯೇ ಇರುತ್ತೇನೆ, ಗೆಳೆಯ ವಿಡಿಯೊ ಮಾಡಿದ್ದಾನೆ. ವಿಡಿಯೊದಲ್ಲಿ ಎಡಗೈ ಮಾತ್ರ ಮೇಲಕ್ಕೆ, ದೋಣಿಯ ತಳದಿಂದ ಆಚೆ ಚಾಚಿಕೊಂಡಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇನ್ನೊಂದು, ಹೊರಗೆ ಕೆರೆಯ ತಣ್ಣೀರಿನಲ್ಲಿ ಮಾಡಿದರೆ ಎದ್ದ ಮೇಲೆ ತಲೆ ಸುತ್ತುತ್ತದೆ. ಕೊಳದಲ್ಲಿ ಹಾಗಾಗುವುದಿಲ್ಲ.

ಹಳೇಹುಟ್ಟು:

ತಲೆ ಸುತ್ತುವುದು ಕಿವಿಯಿಂದ. ತಣ್ಣೀರು ಕಿವಿಯೊಳಗೆ ಹೋಗಿ ಒಳಕಿವಿಯ ಒಂದು ಭಾಗ ತಣ್ಣಗಾದರೆ ಮೈ ತಿರುಗುತ್ತಿದೆ ಅಂತ ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ನೀರಿನವರ ಕಿವಿ ಪ್ಲಗ್ ಹಾಕಿ, ಅದರ ಮೇಲೆ ನಿಯೋಪ್ರೀನ್ ಟೋಪಿ. ಮೂಗಿಗೆ ಕ್ಲಿಪ್ಪೂ ಇರಲಿ, ನೀರು ಮೂಗಿಗೆ ನುಗ್ಗಿದರೆ ಯಾರಿಗಾದರೂ ತಲೆ ಎತ್ತಬೇಕು ಅನ್ನಿಸುತ್ತದೆ. ತಣ್ಣೀರಿನಲ್ಲಿ ಸರ್ಫ್ (ಹಲಗೆಯ ಮೇಲೆ ಅಲೆ ಸವಾರಿ) ಮಾಡುವವರ ಕಿವಿಯ ನಾಳದಲ್ಲಿ ವರ್ಷಗಟ್ಟಲೆ ಆದಮೇಲೆ ಮೂಳೆಯೇ ಬೆಳೆಯುವುದುಂಟು, ಹಾಗಾಗಿ ಪ್ಲಗ್ಗನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ. ಇಷ್ಟೆಲ್ಲ ಹಾಕಿಯೂ ಸುತ್ತು ನಿಲ್ಲದಿದ್ದರೆ ಕಿವಿಯ ಡಾಕ್ಟರಿಗೆ ತೋರಿಸಿ.

ಎಡಗೈಗೆ ಬರೋಣ. ಸಂಬಂಧ ಇದೆ. ಪ್ಯಾಡಲ್ ಒಂದೇ ಕೋಲು. ಎಡಗೈ ಮೇಲೆ ಹೋದರೆ ಬಲಗಡೆ ಬ್ಲೇಡ್ ಕೆಳಗೆ ಹೋಗಲೇಬೇಕು. ಸ್ವೀಪ್‌ನಲ್ಲಿ ಎಡಗೈ ಚಾಚುವುದು ಬೇಡ, ಎಡ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರಲಿ. ಕೊಳದಲ್ಲಿ ಒಂದು ಉಪಾಯ ಮಾಡಿ: ಒಂದು ಸ್ಪಂಜನ್ನು ಎಡ ಕಂಕುಳಲ್ಲಿ ಇಟ್ಟುಕೊಂಡು ರೋಲ್ ಮಾಡಿ. ಮೇಲೆ ಬಂದಾಗ ಸ್ಪಂಜು ಅಲ್ಲೇ ಇರಬೇಕು. ನೀರಿನಲ್ಲಿ ತೇಲಿಹೋಗುತ್ತಿದ್ದರೆ ಕೈ ಚಾಚಿದ್ದೀರಿ. ಅದು ನಿಲ್ಲುವವರೆಗೂ ಎಡಗಡೆ ರೋಲ್ ಶುರುಮಾಡಬೇಡಿ. ನಿಂತಮೇಲೆ ಎಡಗಡೆಗೆ ಮತ್ತೆ ಕೊಳದ ಅಂಚಿನಿಂದಲೇ ಶುರು. ಬಲಗಡೆ ಬರುತ್ತದೆ ಅಂತ ನೇರ ಪ್ಯಾಡಲಿಗೆ ಹೋಗುವುದು ಬೇಡ. ಎಡ ಮೊಣಕಾಲಿಗೆ ಇದೆಲ್ಲ ಇನ್ನೂ ಗೊತ್ತಿಲ್ಲ.

ತಲೆಕೆಳಗು:

ಸ್ಪಂಜು ದೋಣಿಯಲ್ಲೇ ಇದೆ, ನೀರು ಒರೆಸಲು ಇಟ್ಟಿದ್ದು. ನಾಳೆ ಬೆಳಿಗ್ಗೆ ನೋಡುತ್ತೇನೆ.